ಕಂಬಳಿಯ ಮೇಲಿನ ಕೋಟು

ಸೊರಬ, ಗುರುವಾರ

ಅವ್ವಾ,

ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಅಪ್ಪನ ಚಿತ್ರ ಬರೆಸಲು ಹೇಳಿದ್ದೆಯಲ್ಲ, ನಾವು ಎಡೆಗೆ ಇಡುವ ಆ ಸಿಪಾಯಿ ಕೋಟಿನ ಜೊತೆಗೆ ಟೋಪಿ ಹೇಗಿತ್ತು ಎಂದು ಚಿತ್ರ ಬರೆಯುವ ಮಹಾಂತೇಶ ಕೇಳಿದ. ಹಳೆಯ ಯುದ್ಧಗಳ ಚಿತ್ರ, ಸಮವಸ್ತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಲು ಇಟ್ಟಿರುವ ಒಂದು ವಿದೇಶಿ ಸಂಗ್ರಹವಿದೆ. ಎರಡು ವಾರ ಅದನ್ನು ನೋಡಿದೆ. ಆಫ್ರಿಕದ ಮರಳಿನಲ್ಲಿ ಕೂತು ಯಾರೋ ಬಣ್ಣದಲ್ಲಿ ಬರೆದ ಸಿಪಾಯಿಗಳು. ಅಜ್ಜನಿದ್ದ ಬ್ರಿಟಿಷರ ಸೈನ್ಯದವರು ಯಾರೂ ನಮ್ಮ ಮನೆಯಲ್ಲಿರುವಂಥ ಕೋಟು ತೊಟ್ಟಿಲ್ಲ. ಕೊರಳಪಟ್ಟಿಯ ಎರಡೂ ತುದಿಗೆ ಚಿಕ್ಕ ನಕ್ಷತ್ರವಿರುವುದು ಎದುರು ನಿಂತು ಕಾದಿದ ಇಟಲಿಯವರ ಕೋಟಿಗೆ.

ಅಜ್ಜ ಯುದ್ಧದಲ್ಲಿ ಸತ್ತ ಮೇಲೆ ಜೊತೆಗಾರ ಸಿಪಾಯಿ ಅದನ್ನು ತಂದುಕೊಟ್ಟಾಗ ನೀನು ತೊಟ್ಟಿಲಲ್ಲಿದ್ದೆ. ಅಜ್ಜ ಚಳಿಗೆ ತೊಟ್ಟಿದ್ದನೋ, ಸುಮ್ಮನೆ ಗಂಟಿನಲ್ಲಿತ್ತೋ ತಿಳಿಯದು. ಎಂಬತ್ತು ವರ್ಷ ನಾವು ಎಡೆ ಇಟ್ಟಿದ್ದು ಅದಕ್ಕೆ. “ನಿನ್ನ ಕಂಪ್ಯೂಟರು ನನ್ನಪ್ಪನ್ನ ಯಾವಾಗ ಕಂಡಿತ್ತೋ?” ಅಂತ ಬೈಯುತ್ತೀ. ಬೈ.

ಅಜ್ಜನನ್ನು ಕಂಬಳಿ ಹೊದ್ದ ಹಾಗೆ ಬರೆ ಎಂದಿದ್ದೇನೆ. ಅಜ್ಜನ ಫೋಟೋ ಒಂದೂ ಇಲ್ಲವಲ್ಲ, ಮುಖಕ್ಕೆ ಮಹಾಂತೇಶ ನಿನ್ನ ಮುಖ ನೋಡಲು ಉಡುತಡಿಗೆ ಬರುತ್ತಾನೆ.

ಮಹಾಲಯ ಅಮಾವಾಸ್ಯೆಗೆ ಎಂದಿನಂತೆ ಕಂಬಳಿ ಹಾಸಿ ಕೋಟನ್ನೇ ಇಡು, ತೆಗೆಯಬೇಡ. ಎಡೆ ಮಾತ್ರ ಎರಡು ಮಾಡು. ತೋಳಿನಲ್ಲಿ ನೀಲಿ ದಾರದ ತೇಪೆಯಿದೆಯಲ್ಲ, ಅಪ್ಪನ ಹೊಲಿಗೆ ಎಂದು ನೀನು ಸವರುತ್ತಿದ್ದದ್ದು, ಅದನ್ನು ಕೋಟು ತೊಟ್ಟಿದ್ದ ಆ ಇಟಲಿಯವನ ಮನೆಯವರು ಹಾಕಿರಬಹುದು. ಹಿರಿಯರನ್ನು ಹೆಸರು ಹಿಡಿದು ಕರೆಯುವಾಗ ಪುಟ್ಟಪ್ಪ ಎಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರು. ಇನ್ನೊಬ್ಬನ ಹೆಸರು ನನಗೆ ಸಿಕ್ಕಿಲ್ಲ.

ನಿನ್ನ ಮಗ,
ಮಾಳೇಶ