ಬ್ಯೂಲಾ ಅಕ್ಕನ ಬಾಗಿಲಲ್ಲಿ

ಅದಕ್ಕೇ ಅಪ್ಪಾ, ನೀವು ಫೋನಿಟ್ಟ ಮೇಲೆ ಉಳಿದ ಮಾತು ಈ ಕಾರ್ಡಿನಲ್ಲಿ. ಪ್ಯೂರಿಟನ್ನರು ಕಡಲು ದಾಟಿ ಅಮೆರಿಕಕ್ಕೆ ಹೋದದ್ದು ತಮಗೆ ಸರಿ ಕಂಡಂತೆ ಪ್ರಾರ್ಥಿಸಲು ತಾನೇ? ಅವರೇ ಬೋಸ್ಟನ್ನಿನಲ್ಲಿ, ಪಾದ್ರಿಗಳನ್ನು ಪ್ರಶ್ನಿಸಿದಳೆಂದು ಆನ್ ಹಚಿನ್ಸನ್ ಎಂಬಾಕೆಯನ್ನು ಸಭೆಯಿಂದ ಹೊರಹಾಕಿದರು. ಆಗ ಗೆಳತಿ ಮೇರಿ ಡಯರ್ ಎದ್ದು ಅವಳ ಕೈಹಿಡಿದು ಜೊತೆಗೇ ನಡೆದಳು. ಹಿಸ್ಟರಿ ಗ್ರೂಪಿನಲ್ಲಿ ಓದಿದಾಗಿನಿಂದ ನಾನು ಮೇರಿಯ ಫ್ಯಾನ್, ಡಿಪಿ ಕೂಡ ಅವಳದೇ ಪ್ರತಿಮೆ.

ನಿನ್ನೆ ಯೆರವಡಾಕ್ಕೆ, ಬ್ಯೂಲಾ ಅಕ್ಕನ ಮನೆಗೆ ಹೋದೆ. ಕೂಸಿದ್ದಾಗ ಆದದ್ದು ಸಾಲದೆಂದು ಎರಡನೇ ಸಲ ದೀಕ್ಷಾಸ್ನಾನ ತೆಗೆದುಕೊಂಡಳೆಂದು ನೀವು ಸಭೆಯ ಹಿರಿಯರು, ನಿಮ್ಮ ಸ್ವಂತ ಮಗಳನ್ನೇ, ಸಭೆಯಿಂದ ತೆಗೆದ ಮೇಲೆ ಇದೇ ಮೊದಲು. ಬಾಗಿಲು ಅರ್ಧ ತೆರೆದು, "ಅಪ್ಪಗ ಹೇಳಿ ಬಂದೀಯೇನ? ಇಲ್ಲಂದ್ರ ಒಳಗ ಬರಬ್ಯಾಡವಾ, ನಿನ್ನೂ ತಗೀತಾರ" ಅಂದಳು.

"ಭಾಳ ಹಸಿವಿ ಆಗೇದ, ಮೊದಲ ಊಟಕ್ಕ ಹಾಕು" ಅಂದೆ. ನಕ್ಕಳು, ಆಮೇಲೆ ಹೊಸ್ತಿಲಲ್ಲೇ ಕೂತು ಅತ್ತಳು. ಏಳು ತಿಂಗಳ ಬಸುರಿ ಅಪ್ಪಾ, ಕಾಲು ಬಾತಿವೆ. ಊಟಕ್ಕೆ ಕೂತಾಗ ಪ್ರಾರ್ಥನೆಯಲ್ಲಿ ಮೊದಲು ನಿಮ್ಮ ಹೆಸರೇ ಹೇಳಿದಳು.

ನನ್ನ ನೆಗಡಿ ಬಿಟ್ಟಿದೆ. ಆಫೀಸಿನ ಬಸ್ಸು ಬಂತು. ನಿಮ್ಮ ತಬಿತಾ.

ತಾ.ಕ.: ಚೊಚ್ಚಲ ಹೆರಿಗೆಗೆ ಅಕ್ಕನನ್ನು ಮನೆಗೆ ಕರೆಯುತ್ತೀರೋ, ಅವಳ ಜೊತೆ ಉಂಡ ನನ್ನ ಹೆಸರನ್ನೂ ಸಭೆಯ ಪಟ್ಟಿಯಿಂದ ಹೊಡೆದುಹಾಕುತ್ತೀರೋ?