ಬದುಕಿರುವ ಕೂಸಿಗೆ ಒಂದು ಆಯ್ಕೆ ಬೇಕು

ಪೌಷ್ಟಿಕ ಆಹಾರದ ಆ್ಯಪನ್ನು ರಾಜಧಾನಿಯಲ್ಲಿ ಕುಳಿತು ನಡೆಸುವ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಅಫಜಲಪುರ ತಾಲ್ಲೂಕಿನ ಗೊಬ್ಬೂರದಲ್ಲಿ ನಾಲ್ಕು ತಿಂಗಳ ಒಂದು ಹೆಣ್ಣು ಕೂಸಿದೆ. ಅದು ಸತ್ತಿದೆ ಎಂದು ಮೊಬೈಲಿನಲ್ಲಿ ಒತ್ತುವಂತೆ ತಮ್ಮ ಸಹಾಯವಾಣಿಯವರು ನನಗೆ ಹೇಳಿದ್ದಾರೆ. ಕೂಸು ಆರಾಮಾಗಿದೆ. ಮೊನ್ನೆ ತೂಕ ಮಾಡಿದಾಗ ಐದು ಕಿಲೋ ಎಂಟುನೂರು ಗ್ರಾಂ ಇತ್ತು, ಇಳಿಸಿಕೊಳ್ಳುವಾಗ ಉಚ್ಚೆ ಹೊಯ್ದು ನನ್ನ ಸೀರೆ ತೋಯಿಸಿತು. ಸತ್ತಿದೆ ಎಂದು ನಾನು ಒತ್ತದಿದ್ದರೆ ಆ ಕೂಸಿನ ಚಿಕ್ಕಮ್ಮನ ಮದುವೆ ನಿಂತು ಹೋಗುತ್ತದೆ. ಈ ಎರಡರಲ್ಲಿ ಯಾವುದಾಗಬೇಕು ಎಂಬ ತೀರ್ಮಾನವನ್ನು ತಾವು ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಹೆಬ್ಬೆರಳಿಗೆ ಬಿಟ್ಟಿದ್ದೀರಿ. ಇಷ್ಟು ಅಧಿಕಾರ ನಮ್ಮ ತಹಶೀಲ್ದಾರರಿಗೂ ಇಲ್ಲ.

ಬಹಿರಂಗ ಪತ್ರ ಬರೆಯುವವರಿಗೆ ಸಿಟ್ಟು ಇರಬೇಕಂತೆ. ನನಗೆ ಬರುತ್ತಿಲ್ಲ, ಕ್ಷಮಿಸಿ. ಹದಿನೇಳು ವರ್ಷದ ನೌಕರಿಯಲ್ಲಿ ಇದು ನಾಲ್ಕನೆಯ ಆ್ಯಪ್. ಮೊದಲನೆಯದು ಬಂದಾಗ ಸಿಟ್ಟು ಬಂದಿತ್ತು. ಎರಡನೆಯದಕ್ಕೆ ಅಳು ಬಂತು. ಮೂರನೆಯದನ್ನು ತರಬೇತಿ ಮುಗಿಯುವ ಮುಂಚೆಯೇ ತಾವು ನಿಲ್ಲಿಸಿದಿರಿ, ಆಗ ನಕ್ಕೆವು. ಈಗ ಏನೂ ಆಗುವುದಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ತುಟಿ ಹೇಗಿರುತ್ತದೋ ಹಾಗಿದೆ ನನ್ನ ಮನಸ್ಸು. ಆದ್ದರಿಂದ ಇಲ್ಲಿ ಜೋರು ಮಾತು ಸಿಗದಿದ್ದರೆ ಅದನ್ನು ವಿನಯ ಎಂದು ತಿಳಿಯಬಾರದಾಗಿ ವಿನಂತಿ.

ನಡೆದದ್ದನ್ನು ಹೇಳುತ್ತೇನೆ. ವಿದ್ಯಾವತಿ ಗೊಬ್ಬೂರದ ಮಗಳು, ಆಳಂದ ತಾಲ್ಲೂಕಿನ ನಿಂಬರ್ಗಾದ ಸೊಸೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ತವರಿನವರು ಕರೆತರುತ್ತಾರೆ. ಈ ಪದ್ಧತಿ ತಮ್ಮ ಆ್ಯಪಿಗೆ ಗೊತ್ತಿಲ್ಲ. ಅದರ ಪ್ರಕಾರ ಹೆಣ್ಣು ಎಲ್ಲಿ ಬಸುರಾಗಿ ಹೆಸರು ಬರೆಸಿದಳೋ ಅಲ್ಲೇ ಹೆತ್ತು, ಅಲ್ಲೇ ಉಂಡು, ಅಲ್ಲೇ ಮುಖ ತೋರಿಸಬೇಕು. ಬೇರೆ ಊರಿಗೆ ಬಂದರೆ ಹೊಸದಾಗಿ ಮುಖ ಹಿಡಿದು ನೋಂದಾಯಿಸಬೇಕು. ಇಡೀ ಜಿಲ್ಲೆಯ ಹೆಣ್ಣುಮಕ್ಕಳು ಮಾಡುವ ಕೆಲಸವನ್ನು ತಾವು ಅಪರೂಪದ ಪ್ರಕರಣ ಎಂದು ಎಣಿಸಿದ್ದೀರಿ. ಆ್ಯಪ್ ಮಾಡುವ ಮುಂಚೆ ಒಬ್ಬ ತಾಯಿಯನ್ನಾದರೂ ಕೇಳಿದ್ದಿರಾ? ತಮ್ಮ ತಾಯಿಯವರನ್ನೇ ಕೇಳಬಹುದಿತ್ತಲ್ಲ?

ಹೆರಿಗೆಯಾಗಿ ಹನ್ನೊಂದು ದಿನಕ್ಕೆ ನಾನು ಮೊಬೈಲ್ ಹಿಡಿದು ಅವರ ಮನೆಗೆ ಹೋದೆ. ಅಂದು ತಿಂಗಳ ಕೊನೆಯ ದಿನ. ಸಂಜೆ ಐದಕ್ಕೆ ಪಟ್ಟಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಆ ತಿಂಗಳ ಆಹಾರದ ಪೊಟ್ಟಣ ಯಾರಪ್ಪ ಹೇಳಿದರೂ ಬರುವುದಿಲ್ಲ. ಬಾಣಂತಿ ಒಳಕೋಣೆಯಲ್ಲಿದ್ದಳು. ಹುಬ್ಬಿನವರೆಗೆ ಬಟ್ಟೆ ಸುತ್ತಿದ್ದರು, ಕಿವಿ ಮುಚ್ಚಿತ್ತು, ಮಂಚದ ಕೆಳಗೆ ಅಜವಾನದ ಹೊಗೆ ಆಡುತ್ತಿತ್ತು. ಆ ಕೋಣೆಯಲ್ಲಿ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಇರುವುದು ಹೊಸ್ತಿಲ ಆಚೆ, ಕಟ್ಟೆಯ ಮೇಲೆ. ಬಾಣಂತಿ ತಿಂಗಳು ತುಂಬುವವರೆಗೆ ಹೊಸ್ತಿಲು ದಾಟುವಂತಿಲ್ಲ. ಆಕೆಯ ತಾಯಿ ಸುಂದರಬಾಯಿ ಬಾಗಿಲಿಗೆ ಅಡ್ಡ ನಿಂತರು.

"ಹನ್ನೊಂದು ದಿನದ ಬಾಣಂತಿನ್ನ ಗಾಳ್ಯಾಗ ನಿಂದ್ರಸಂಗಿಲ್ರಿ ಅಕ್ಕೋರ. ತಲಿ ಮ್ಯಾಲಿನ ಅರಿವಿನೂ ಬಿಚ್ಚಂಗಿಲ್ಲ. ಬೇಕಾದ್ರ ನಿಮ್ಮ ಮಷೀನಿಗೇ ಒಳಗ ಬಾ ಅನ್ರಿ."

ನನ್ನ ಎರಡು ಬಾಣಂತನದಲ್ಲಿ ನನ್ನವ್ವನೂ ಹೀಗೇ ಬಾಗಿಲಿಗೆ ನಿಂತಿದ್ದಳು. ಕಟ್ಟೆಯ ಮೇಲೆ ಕುಳಿತು ಗಡಿಯಾರ ನೋಡಿದೆ. ನಾಲ್ಕೂಮುಕ್ಕಾಲು. ಆಗ ವಿದ್ಯಾವತಿಯ ತಂಗಿ ಭುವನೇಶ್ವರಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಇಪ್ಪತ್ತೊಂದು ವರ್ಷದ ಹುಡುಗಿ, ಬಿ.ಎ. ಕೊನೆಯ ವರ್ಷ, ಅಕ್ಕನ ಬಾಣಂತನ ಮಾಡುತ್ತಿದ್ದವಳು ಅವಳೇ.

"ನನ್ನ ಮಾರಿ ತೆಗಿರಿ ಅಕ್ಕೋರ. ಒಂದೇ ಮನಿದಲ್ಲೇನ್ರಿ, ಯಾರ ಮಾರಿ ಆದ್ರೇನು?"

ಇಲ್ಲಿಂದ ಮುಂದಿನದು ನನ್ನ ತಪ್ಪು. ಬರೆದುಕೊಳ್ಳಿ, ನಾನು ಎಲ್ಲೂ ಅಲ್ಲಗಳೆಯುವುದಿಲ್ಲ. ನಮ್ಮೂರಲ್ಲಿ ಮನೆಯಿಂದ ಯಾರು ಬಂದರೂ ಮನೆಯೇ ಬಂದಂತೆ. ಗಂಡನ ಔಷಧಿ ಹೆಂಡತಿ ಒಯ್ಯುತ್ತಾಳೆ, ಅತ್ತೆಯ ಅಕ್ಕಿ ಸೊಸೆ ಒಯ್ಯುತ್ತಾಳೆ, ಅಕ್ಕನ ಪೊಟ್ಟಣ ತಂಗಿ ಒಯ್ಯುತ್ತಾಳೆ. ರಿಜಿಸ್ಟರ್ ಇದ್ದ ಕಾಲದಲ್ಲಿ ಹದಿನಾಲ್ಕು ವರ್ಷ ನಾನು ಹೀಗೇ ಕೊಟ್ಟಿದ್ದೇನೆ, ಒಂದು ಪೊಟ್ಟಣವೂ ದಾರಿ ತಪ್ಪಿಲ್ಲ. ಅದೇ ರೂಢಿಯಲ್ಲಿ ಭುವನೇಶ್ವರಿಯ ಆಧಾರ್ ನಂಬರ್ ಹಾಕಿದೆ, ಕೂಸಿನ ಜನನ ನೋಂದಣಿ ಸಂಖ್ಯೆ ಹಾಕಿದೆ, ಮೊಬೈಲ್ ಅವಳ ಮುಖದ ಮುಂದೆ ಹಿಡಿದೆ. ಮುಂದಿನ ತಿಂಗಳು ತಿದ್ದಿದರಾಯಿತು ಎಂದುಕೊಂಡೆ. ಬೇರೆ ದಿನ ಹತ್ತು ಸಲ ಹಿಡಿದರೂ ಒಲ್ಲೆ ಎನ್ನುವ ಆ್ಯಪ್ ಅಂದು ಮೊದಲ ಸಲಕ್ಕೇ ಒಪ್ಪಿತು. ಕಣ್ಣು ಮಿಟುಕಿಸಿ ಎಂದಿತು, ಹುಡುಗಿ ಮಿಟುಕಿಸಿದಳು. ಹಸಿರು ಗುರುತು ಬಂತು. "ಅಭಿನಂದನೆಗಳು, ತಾಯಿ" ಎಂದು ಅಕ್ಷರಗಳು ಮೂಡಿದವು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅದಾದ ಮೇಲೆ ನಾನು ಹಾಗೆ ನಕ್ಕ ನೆನಪಿಲ್ಲ.

ಮುಂದಿನ ತಿಂಗಳು ತಿದ್ದಲು ಹೋದೆ. ತಿದ್ದುವುದು ಎಂಬ ಗುಂಡಿಯೇ ಇಲ್ಲ. ಹೀಗಾಗಿ ಮೂರು ತಿಂಗಳು ಭುವನೇಶ್ವರಿಯೇ ಬಂದು ಕಣ್ಣು ಮಿಟುಕಿಸಿ ಅಕ್ಕನ ಪೊಟ್ಟಣ ಒಯ್ದಳು. ತಮ್ಮ ಪುಸ್ತಕದಲ್ಲಿ ಅವಳು ಹಾಲುಣಿಸುವ ತಾಯಿ, ಮಕ್ಕಳು ಒಂದು. ಹೆತ್ತ ವಿದ್ಯಾವತಿ ನಿಂಬರ್ಗಾದ ಪಟ್ಟಿಯಲ್ಲಿ ಇನ್ನೂ ಗರ್ಭಿಣಿ. ಇದು ಆಕೆಗೆ ಹದಿಮೂರನೆಯ ತಿಂಗಳು. ಕಬ್ಬಿಣಾಂಶದ ಮಾತ್ರೆ ತಪ್ಪದೆ ನುಂಗಿ ಎಂದು ಆಕೆಯ ಗಂಡನ ಮೊಬೈಲಿಗೆ ಈಗಲೂ ಸಂದೇಶ ಬರುತ್ತದೆ.

ಪತ್ರಿಕೆ ನಾನೂ ಓದುತ್ತೇನೆ. ಲೋಕದಲ್ಲಿ ಇಲ್ಲದ ಮನುಷ್ಯನ ಮುಖವನ್ನು ಇದ್ದಂತೆ ಮಾಡಿ ತೋರಿಸುವ ಕಂಪ್ಯೂಟರ್ ಬಂದಿದೆಯಂತೆ. ಕವಿತೆ ಕಟ್ಟುತ್ತದೆ, ಚಿತ್ರ ಬರೆಯುತ್ತದೆ, ರೋಗಿಯ ಎಕ್ಸ್‌ರೇ ನೋಡಿ ಡಾಕ್ಟರಿಗೇ ಸಲಹೆ ಕೊಡುತ್ತದೆ. ಒಳ್ಳೆಯದಾಗಲಿ. ವಾರಕ್ಕೊಂದು ಇಂಥ ಸುದ್ದಿ ಓದಿ, ಪತ್ರಿಕೆ ಮಡಿಸಿಟ್ಟು, ತಾವು ಕೊಟ್ಟ ಮೊಬೈಲ್ ತೆಗೆಯುತ್ತೇನೆ. ಅದು ಬಿಸಿಯಾಗಿ ಬಂದ್ ಆಗುತ್ತದೆ. ಇಷ್ಟೆಲ್ಲ ಬುದ್ಧಿ ಬಂದ ಯಂತ್ರಗಳ ಕಾಲದಲ್ಲಿ "ತಪ್ಪಾಗಿ ನಮೂದಾಗಿದೆ" ಎಂಬ ಎರಡು ಶಬ್ದದ ಗುಂಡಿ ಇಡಲು ಎಷ್ಟು ದೊಡ್ಡ ಪಂಡಿತರು ಬೇಕು? ತಪ್ಪು ಮಾಡದ ಕಾರ್ಯಕರ್ತೆಯರು ತಮಗೆ ಎಲ್ಲಿ ಸಿಕ್ಕಿದ್ದರು? ಸಿಕ್ಕಿದ್ದರೆ ನಮಗೂ ತೋರಿಸಿ, ಕೈಮುಗಿದು ಬರುತ್ತೇವೆ.

ಭುವನೇಶ್ವರಿಗೆ ಜೇವರ್ಗಿಯ ಸಂಜುಕುಮಾರನ ಜೊತೆ ಸಕ್ಕರಿಪುಡ, ಅಂದರೆ ನಿಶ್ಚಿತಾರ್ಥ ಆಗಿದೆ. ಹುಡುಗ ಒಳ್ಳೆಯವನು. ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಆನ್‌ಲೈನ್ ಸೆಂಟರ್ ಇದೆ, ಜನರ ಅರ್ಜಿಗಳನ್ನು ತುಂಬಿ ಕೊಡುತ್ತಾನೆ. ಹೋದ ತಿಂಗಳು ಪ್ರೀತಿಯಿಂದಲೇ, ಹೆಂಡತಿಯಾಗುವವಳ ಹೆಸರಿನಲ್ಲಿ ಯಾವುದೋ ಸರ್ಕಾರಿ ಅರ್ಜಿ ತುಂಬಲು ಅವಳ ಆಧಾರ್ ನಂಬರ್ ಒತ್ತಿದ. ಪರದೆಯ ಮೇಲೆ ಬಂದದ್ದು ತಮಗೆ ಗೊತ್ತೇ ಇದೆ, ತಮ್ಮದೇ ಅಕ್ಷರ. ವರ್ಗ: ಹಾಲುಣಿಸುವ ತಾಯಿ. ಮಕ್ಕಳು: ಒಂದು. ಪಕ್ಕದಲ್ಲಿ ಅವಳ ಫೋಟೊ, ಒಂದು ಕಣ್ಣು ಅರ್ಧ ಮುಚ್ಚಿದ್ದು. ಅಂಗಡಿಯಲ್ಲಿ ಆಗ ನಾಲ್ಕು ಜನ ಇದ್ದರಂತೆ.

ಎರಡು ದಿನ ಬಿಟ್ಟು ಹುಡುಗನ ತಂದೆ ದೌಲತರಾಯರು ಗೊಬ್ಬೂರಕ್ಕೆ ಬಂದರು. ನನ್ನನ್ನೂ ಕರೆಸಿದರು. ನಾನು ಎಲ್ಲವನ್ನೂ ಹೇಳಿದೆ. ಕೂಸನ್ನು, ವಿದ್ಯಾವತಿಯನ್ನು ಕಣ್ಣಾರೆ ನೋಡಿದರು. ಚಹಾ ಕುಡಿದರು. ಹಿರಿಯ ಮನುಷ್ಯ, ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

"ಹುಡುಗಿ ಬಂಗಾರ ಅದಾಳ್ರಿ. ನೀವು ಹೇಳಿದ್ದೂ ಖರೇ ಅದ, ನಮಗೇನೂ ಸಂಶಯ ಇಲ್ಲ. ಆದ್ರ ನೋಡ್ರಿ ಅಕ್ಕೋರ, ನಮ್ಮ ಹುಡುಗ ದಿನಾ ನೂರು ಮಂದಿಗೆ ಕಂಪ್ಯೂಟರ್ ನೋಡೇ ಹೇಳ್ತಾನ, ಇದ್ರಾಗ ಹಿಂಗ ಬರಾಕತ್ತದ, ನಾ ಏನ್ ಮಾಡ್ಲಿ ಅಂತ. ಈಗ ತನ್ನ ಮನಿದು ಬಂದಾಗ ಇದ್ರಾಗಿಂದು ಸುಳ್ಳದ ಅಂತ ಹ್ಯಾಂಗ ಹೇಳ್ತಾನ್ರಿ? ಅದೊಂದು ತೆಗೆಸಿ ಕೊಡ್ರಿ. ಮರುದಿನಾನೇ ಲಗ್ನಪತ್ರಿಕಾ ಅಚ್ಚಿಗೆ ಕೊಡ್ತೇವಿ."

ಇದನ್ನು ತಾವು ಎರಡು ಸಲ ಓದಬೇಕು. ಹುಡುಗಿ ಶುದ್ಧ ಎಂದು ಎಲ್ಲರಿಗೂ ಗೊತ್ತು. ಬೀಗರಿಗೆ ಗೊತ್ತು, ಊರಿಗೆ ಗೊತ್ತು, ಹುಡುಗನಿಗೂ ಗೊತ್ತು. ಆದರೂ ಎಲ್ಲರೂ ತಮ್ಮ ಪರದೆ ಒಪ್ಪಲಿ ಎಂದು ಕಾಯುತ್ತಿದ್ದಾರೆ. ಎದುರಿಗೆ ಕುಳಿತು ಚಹಾ ಕೊಟ್ಟ ಹುಡುಗಿಗಿಂತ ಅಂಗೈಯಗಲದ ಗಾಜು ದೊಡ್ಡದಾಗಿದ್ದು ಯಾವಾಗ, ನನಗೆ ತಿಳಿಯಲಿಲ್ಲ.

ಹೆಸರು ತೆಗೆಯಲು ತಮ್ಮ ಆ್ಯಪಿನಲ್ಲಿ ನಾಲ್ಕು ಕಾರಣಗಳಿವೆ. ಫಲಾನುಭವಿಯ ಮರಣ ಎಂದು ಒತ್ತಿದರೆ ಮದುಮಗಳೇ ಸತ್ತಳು. ವಲಸೆ ಎಂದು ಒತ್ತಿದರೆ ಮದುವೆಯಾಗದ ಹುಡುಗಿ ಕೂಸನ್ನು ಎತ್ತಿಕೊಂಡು ಊರು ಬಿಟ್ಟಂತೆ. ಬೀಗರಿಗೆ ತೋರಿಸಲು ಇದು ಮೊದಲಿನದಕ್ಕಿಂತ ಚಂದದ ಕಥೆ. ಅವಧಿ ಮುಗಿದಿದೆ ಎಂದರೆ ಪೊಟ್ಟಣ ನಿಲ್ಲುತ್ತದೆ, ತಾಯಿ ಮಾತ್ರ ತಾಯಿಯಾಗಿಯೇ ಉಳಿಯುತ್ತಾಳೆ. ನಾಲ್ಕನೆಯದು ಶಿಶು ಮರಣ. ಸಹಾಯವಾಣಿಗೆ ಆರು ಸಲ ಫೋನ್ ಮಾಡಿದೆ. ಆರನೆಯ ಸಲ ಒಬ್ಬ ಹೆಣ್ಣುಮಗಳು ಬಲು ನಯವಾಗಿ ಮಾತಾಡಿದಳು.

"ಮೇಡಂ, ನಾಲ್ಕನೇದು ಒತ್ತಿ. ಅವರ ವರ್ಗ ಖಾಲಿ ಆಗುತ್ತೆ. ಆಮೇಲೆ ಮಗುವನ್ನ ಹೊಸದಾಗಿ ಸೇರಿಸ್ಕೊಳ್ಳಿ."

"ಅದೇ ಜನನ ಸಂಖ್ಯಾ ಹಾಕಿದ್ರ ಸತ್ತದ ಅಂತ ತೋರಸಂಗಿಲ್ಲೇನ್ರಿ?"

"ತೋರಿಸ್ಬಹುದು ಮೇಡಂ. ಅದನ್ನ ಆಮೇಲೆ ನೋಡೋಣ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ನಾನು ಒತ್ತಲು ಹೋದೆ, ಮಾನ್ಯರೇ. ಸುಳ್ಳು ಹೇಳುವುದಿಲ್ಲ. ನಾನು ಮಾಡಿದ ತಪ್ಪು, ನಾನೇ ಮುಗಿಸಬೇಕು ಎಂದು ಅವರ ಮನೆಗೆ ಹೋಗಿ, ಕಟ್ಟೆಯ ಮೇಲೆ ಕುಳಿತು, ನಾಲ್ಕನೆಯದರ ಮೇಲೆ ಬೆರಳಿಟ್ಟೆ. "ಶಿಶು ಮರಣದ ದಿನಾಂಕ?" ಎಂದು ಕೇಳಿತು. ಮರಣದ ಕಾರಣ ಆರಿಸಿ ಎಂದಿತು. ನ್ಯುಮೋನಿಯಾ, ಅತಿಸಾರ, ಹಾವು ಕಡಿತ, ಇತರೆ. ಒಳಗೆ ಕೂಸು ಅಳುತ್ತಿತ್ತು. ವಿದ್ಯಾವತಿ ಅದನ್ನು ಹೆಗಲಿಗೆ ಹಾಕಿಕೊಂಡು ಬಂದು ನನ್ನೆದುರು ನಿಂತಳು.

"ಒತ್ರಿ ಅಕ್ಕೋರ. ಬರೀ ಮಷೀನಿನಾಗ ಅಲ್ಲೇನ್ರಿ. ನನ್ನ ಸಲುವಾಗಿ ನನ್ನ ತಂಗಿ ಬಾಳೇವು ಹಾಳಾಗೋದು ಬ್ಯಾಡ." ಹೇಳುವಾಗ ಕೂಸಿನ ಕಿವಿಯನ್ನು ಅಂಗೈಯಿಂದ ಮುಚ್ಚಿದ್ದಳು.

ಭುವನೇಶ್ವರಿ ಅಡುಗೆಮನೆಯಿಂದ ಬಂದು ನನ್ನ ಕೈ ಹಿಡಿದಳು. "ಒತ್ತಬ್ಯಾಡ್ರಿ. ನಾ ಬಾಣಂತಿ ಅಂತ ಇದ್ರ ಇರ್ಲಿ. ಇಲ್ಲದ್ದು ಒಂದು ಬರದೇವಿ, ಅದಕ್ಕ ಇದ್ದದ್ದು ಒಂದು ಕಳೀಬೇಕೇನ್ರಿ?"

ಸುಂದರಬಾಯಿ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಬೋರಲಾಗಿ ಇಟ್ಟರು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಅದು ಬಾರದ್ದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಒಂದು ಬದುಕಿರುವ ಕೂಸಿನ ಸಾವಿಗೆ ದಿನಾಂಕ ಹುಡುಕುತ್ತಾ ಕುಳಿತವಳಿಗೆ ಏನೂ ಅನಿಸದಿದ್ದರೆ ಅವಳು ಮಕ್ಕಳ ನಡುವೆ ಕೆಲಸ ಮಾಡಲು ತಕ್ಕವಳಲ್ಲ. ನನ್ನನ್ನು ಹಾಗೆ ಮಾಡಿದ್ದು ತಮ್ಮ ನಾಲ್ಕು ಆ್ಯಪುಗಳು.

ಜೇವರ್ಗಿಯವರು ಇಟ್ಟುಕೊಂಡ ಮುಹೂರ್ತಕ್ಕೆ ಇನ್ನು ಹತ್ತೊಂಬತ್ತು ದಿನ ಇದೆ. ಪರಿಹಾರ ಬೇಡ, ಸಮಿತಿ ಬೇಡ, ಐದನೆಯ ಆ್ಯಪಂತೂ ಬೇಡವೇ ಬೇಡ. ಆ ನಾಲ್ಕು ಕಾರಣಗಳ ಕೆಳಗೆ "ಕಾರ್ಯಕರ್ತೆಯ ತಪ್ಪು" ಎಂಬ ಐದನೆಯ ಸಾಲೊಂದನ್ನು ಸೇರಿಸಿ. ನಾನೇ ಅದನ್ನು ಒತ್ತುತ್ತೇನೆ. ನೋಟಿಸು ಕೊಡಿ, ಗೌರವಧನ ಹಿಡಿಯಿರಿ, ಕೆಲಸದಿಂದ ತೆಗೆಯಿರಿ, ಸಹಿ ಹಾಕಿ ಪಡೆಯುತ್ತೇನೆ. ಅದೂ ಆಗದೆಂದರೆ ತಾವೇ ಗೊಬ್ಬೂರಕ್ಕೆ ಬನ್ನಿ. ನೆಟ್‌ವರ್ಕ್ ಇರುವ ಕಟ್ಟೆಯ ಮೇಲೆ ಚಾಪೆ ಹಾಸಿಕೊಡುತ್ತೇವೆ. ದಿನಾಂಕ ತಾವೇ ಹಾಕಿ, ಕಾರಣ ತಾವೇ ಆರಿಸಿ, ನಾಲ್ಕನೆಯ ಗುಂಡಿ ತಾವೇ ಒತ್ತಿ. ತಾವು ಒತ್ತುವಷ್ಟು ಹೊತ್ತು ಕೂಸನ್ನು ನಾನು ತಮ್ಮೆದುರಿಗೇ ಎತ್ತಿಕೊಂಡಿರುತ್ತೇನೆ.

ಇಂತಿ,
ತಮ್ಮ ಪಟ್ಟಿಯಲ್ಲಿ ಇನ್ನೂ "ಸಕ್ರಿಯ" ಎಂದು ತೋರಿಸುತ್ತಿರುವ
ಸುವರ್ಣಾ
ಅಂಗನವಾಡಿ ಕಾರ್ಯಕರ್ತೆ, ಗೊಬ್ಬೂರ