ಸ್ಕರ್ಟಿಗೆ ಹೊಂದುವ ಶೂ

ಮಾರ್ಚ್ ೧೪, ಗುರುವಾರ

ಪ್ರವಾಸದ ಎರಡನೇ ದಿನಕ್ಕೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ನೀಲಿ ಸ್ಕರ್ಟಿಗೆ ಹೊಂದಲಿ ಎಂದು ಆರು ಅಂಗಡಿ ಸುತ್ತಿ ತಂದ ಶೂ ಇದು. ನಡೆಯುವುದೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಲಾಯಕ್ಕು. ಅಮ್ಮ ತನ್ನ ಸ್ಕರ್ಟಿನ ಕೆಳಗೆ ದೋಣಿಯಂಥ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು ಹೊರಟಾಗ ನಕ್ಕಿದ್ದೆ.

ಮ್ಯೂಸಿಯಂ ಮೆಟ್ಟಿಲಲ್ಲಿ ನಾನು ಕುಂಟುವುದನ್ನು ನೋಡಿ ಅವಳು ತನ್ನದನ್ನು ಬಿಚ್ಚಿ ಕೊಟ್ಟು ನನ್ನದನ್ನು ಮೆಟ್ಟಿಕೊಂಡಳು. ಸಂಜೆಯವರೆಗೂ ಸಲೀಸಾಗಿ ನಡೆದಳು.

"ಹತ್ತಿ ಹಾಗಿದೆ ಕಣೇ. ಇದಕ್ಕಾ ಅಷ್ಟು ರಗಳೆ ಮಾಡಿದ್ದು?"

ನನಗೆ ಮೈಯೆಲ್ಲ ಉರಿದುಹೋಯಿತು.

ಈಗ ಮಲಗಿದ್ದಾಳೆ. ಹೊದಿಕೆಯಿಂದ ಕಾಲು ಹೊರಗೆ ಬಂದಿದೆ. ಎರಡೂ ಹಿಮ್ಮಡಿಗೆ ಬ್ಯಾಂಡೇಡ್, ಅದೂ ನನ್ನ ಚೀಲದಿಂದಲೇ ಕದ್ದದ್ದು. ಎಬ್ಬಿಸಿ ಬೈಯೋಣವೆಂದರೆ, ನಾಳೆಯೂ ಅದನ್ನೇ ಹಾಕಿಕೊಳ್ಳುತ್ತೇನೆ ಎಂದುಬಿಡುತ್ತಾಳೆ, ಈ ಹಠಮಾರಿ ಅಮ್ಮ.